ಚೀಲಕ್ಕೆ ಹಾಕಲಾಗದ್ದು

"ಭೂಮಿ ನಡುಗಿದ್ರ ಕಟ್ಟಿ ಮ್ಯಾಲ ಕುಂತು ಮಂಡಕ್ಕಿ ತಿನ್ನಾಕೇನ ಇದು? ಹಂಗಾದ್ರ ನಾಲ್ಕು ಮೆಣಸಿನಕಾಯೂ ಕರದು ಹಾಕು ಸುಮಲತಾ," ಎಂದಳು ಅತ್ತೆ ಅನ್ನದಾನಮ್ಮ.

ಸುಮಲತಾ ನಗಲಿಲ್ಲ. ಮಗಳ ಹಳೆಯ ಸ್ಕೂಲ್ ಬ್ಯಾಗನ್ನು ತಲಬಾಗಿಲ ಪಕ್ಕದ ಗೂಟಕ್ಕೆ ತಗುಲಿಸಿ, ಭೂಕಂಪಕ್ಕೆ ಏನೇನು ಕಟ್ಟಿಡಬೇಕೆಂದು ಶಾಲೆಯಲ್ಲಿ ಕೊಟ್ಟ ಚೀಟಿ ನೋಡಿಕೊಂಡು ಒಂದೊಂದೇ ಹಾಕುತ್ತಿದ್ದಳು. ಬ್ಯಾಟರಿ, ನೀರಿನ ಬಾಟಲಿ, ಆಧಾರ್ ಕಾರ್ಡು, ಅತ್ತೆಯ ಬಿಪಿ ಗುಳಿಗೆ, ಮಂಡಕ್ಕಿ ಪೊಟ್ಟಣ. ಕೊನೆಗೆ ಕೆಂಪು ದಾರದ ಒಂದು ಸೀಟಿ.

"ಇದ್ಯಾಕ? ಡ್ರಿಲ್ ಮೇಷ್ಟ್ರಾಗ್ತೀಯೇನು?"

"ಮಣ್ಣಾಗ ಸಿಕ್ಕೊಂಡಾರು ಊದಾಕ್ರಿ ಅತ್ತಿ. ಬಾಯಿಲೆ ಕೂಗಿದ್ರ ದಮ್ಮು ಹೋಗ್ತೈತಂತ."

"ದಮ್ಮು ಉಳಿದಿದ್ರ ತಾನ ಊದಾದು."

ಕೊಟ್ಟೂರಿನ ಆ ಓಣಿಯ ಮನೆಗಳೆಲ್ಲ ಮಾಳಿಗೆಯವು. ತೊಲೆಗಳ ಮೇಲೆ ಮೊಳದಪ್ಪ ಮಣ್ಣು. ಹದಿನೈದು ದಿನದಲ್ಲಿ ಎರಡು ಸಲ ನೆಲದೊಳಗೆ ಗುಡುಗಿತ್ತು. ಮೊದಲ ಸಲ ಗೂಡಿನ ಚೊಂಬು ಉರುಳಿದಾಗ, ಎಲ್ಲೋ ಕಲ್ಲು ಸಿಡಿಸುತ್ತಾರೆ ಅಂದುಕೊಂಡು ಜನ ಸುಮ್ಮನಾದರು. ಎರಡನೆಯ ಸಲ ಪಡಸಾಲೆಯಲ್ಲಿ ಎರಡು ಬುಟ್ಟಿ ಮಣ್ಣು ಉದುರಿತು.

ಅವತ್ತು ಹನ್ನೊಂದು ವರ್ಷದ ಮಗಳು ಭಾಗ್ಯಳನ್ನು ಎಳಕೊಂಡು ಬೇವಿನಕಟ್ಟೆಗೆ ಓಡಿದ ಮೇಲೇ ಸುಮಲತಾಗೆ ನೆನಪಾದದ್ದು, ಇನ್ಸುಲಿನ್ ಒಳಗೇ ಉಳೀತು ಅಂತ. ಹುಡುಗಿಗೆ ಮೂರು ವರ್ಷದಿಂದ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಸೂಜಿ ಬೀಳಲೇಬೇಕು. ಎದುರುಮನೆಯ ಬಂಗಾರಪ್ಪ ಅಡ್ಡ ನಿಂತು, "ಸಾಯಾಕ ಹೊಂಟೀಯೇನವ್ವಾ" ಅಂತ ಎರಡು ತಾಸು ಒಳಗೆ ಬಿಡಲಿಲ್ಲ. ಕಟ್ಟೆಯ ಮೇಲೆ ಓಣಿಯ ಹುಡುಗರೆಲ್ಲ ಮಂಡಕ್ಕಿ ಮುಕ್ಕುತ್ತಿದ್ದರೆ ಭಾಗ್ಯ ಮೊಣಕಾಲ ಮೇಲೆ ಗದ್ದ ಊರಿ, "ನಾನು ಬರೇ ವಾಸ್ನಿ ನೋಡ್ತೀನಿ ಬಿಡಬೇ" ಅಂದಿದ್ದಳು.

ಗಂಡ ಹಂಪೇಶನ ಮಾತು ಕೇಳಿ ಒಂದು ಬಾಟಲಿಯನ್ನು ಕೈಚೀಲದಲ್ಲಿಟ್ಟು ಇದೇ ಗೂಟಕ್ಕೆ ತಗುಲಿಸಿಯೂ ನೋಡಿದ್ದಳು. ಏಪ್ರಿಲ್ ತಿಂಗಳು. ತಲಬಾಗಿಲಿಗೆ ಪಡುವಣ ಬಿಸಿಲು, ಮೇಲೆ ತಗಡಿನ ಚಪ್ಪರ. ನಾಲ್ಕನೆಯ ದಿನಕ್ಕೆ ತಿಳಿನೀರಿನಂಥ ಔಷಧದಲ್ಲಿ ಹಿಂಜಿದ ಅರಳೆಯಂಥ ಎಳೆಗಳು ತೇಲುತ್ತಿದ್ದವು. ಅದನ್ನು ಚೆಲ್ಲಬೇಕಾಯಿತು. ಫ್ರಿಡ್ಜ್ ಇಲ್ಲದ ಮನೆ. ಡಾಕ್ಟರು ಹೇಳಿಕೊಟ್ಟಂತೆ ಹಸಿ ಉಸುಕಿನ ಗಡಿಗೆಯೊಳಗೇ ಅದು ಇರಬೇಕು. ಗಡಿಗೆ ಇರುವುದು ಮನೆಗೆಲ್ಲ ತಂಪಾದ ದೇವರಕೋಣೆಯಲ್ಲಿ, ಎಲ್ಲಕ್ಕಿಂತ ಒಳಗೆ.

"ಎಲ್ಲಾ ತುಂಬಿದಿ. ಕೂಸಿನ ಔಷಧ?" ಅನ್ನದಾನಮ್ಮನ ದನಿಯಲ್ಲಿ ಈಗ ಚೇಷ್ಟೆ ಇರಲಿಲ್ಲ.

"ನಾನ ಓಡಿ ಹೋಗಿ ತರ್ತೀನ್ರಿ. ಇಪ್ಪತ್ತೆರಡು ಹೆಜ್ಜಿ ಐತಿ, ಎಣಿಸೀನಿ."

"ಹೋಗಾಕ ಇಪ್ಪತ್ತೆರಡು. ಬರಾಕ?"

ಸುಮಲತಾ ಚೀಟಿ ಮಡಚಿದಳು, ಮತ್ತೆ ಬಿಡಿಸಿದಳು.

"ಆ ದೇವರಕೋಣಿ ಬಾಗಲ ಗಿಡ್ಡಂದು," ಅನ್ನದಾನಮ್ಮ ಗೋಡೆ ಹಿಡಿದು ಎದ್ದಳು. "ನಿಮ್ಮ ಮಾವ ದಿನಾ ಹಣಿ ಬಡಿಸ್ಕೊಂತಿದ್ದ. ಹೊರಗಿಂದ ಓಡಿ ಹೋದಾರು ಎರಡು ಸಲ ಬಗ್ಗಬೇಕು. ಒಳಗ ಇದ್ದಾರು ಒಂದ ಸಲ ಬಗ್ಗಿದ್ರ ಸಾಕು. ನಾನಂತೂ ಬಗ್ಗೇ ನಡ್ಯಾಕಿ."

ಅಷ್ಟು ಹೇಳಿ, ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಅಡಿಕೆ ಹೋಳನ್ನೆಲ್ಲ ತಟ್ಟೆಗೆ ಸುರುವಿದಳು. ಒಳಗೆ ಹೋಗಿ ಬಾಟಲಿ, ಸೂಜಿ ಎರಡನ್ನೂ ಅರಳೆಯಲ್ಲಿ ಸುತ್ತಿ ಸಂಚಿಗಿಟ್ಟಳು. ಸಂಚಿಯನ್ನು ಗಡಿಗೆಗಿಳಿಸಿ, ಎಳೆದರೆ ಬರುವಂತೆ ಅದರ ದಾರವನ್ನು ಹೊರಗೆ ಜೋತುಬಿಟ್ಟಳು. ಆಮೇಲೆ ಪಡಸಾಲೆಯ ತನ್ನ ಕೌದಿ ಸುತ್ತಿ ಬಗಲಿಗಿಟ್ಟುಕೊಂಡಳು.

"ಇಲ್ಲಿ ಸೆಕಿ. ಇವತ್ತಿಂದ ನಾನು ಒಳಗ ಕೂಡಾಕಿ, ಅಲ್ಲೇ ಮಲಗಾಕಿ."

"ಬ್ಯಾಡ್ರಿ ಅತ್ತಿ. ನಿಮ್ಮ ಮೊಣಕಾಲು..."

"ಓಡಾಕ ಬೇಕು ಮೊಣಕಾಲು. ಸಂಚಿ ಒಗಿಯಾಕ ಯಾಕ? ಜ್ವಾಳದ ಹೊಲದಾಗ ಕವಣಿ ಬೀಸಿ ಹಕ್ಕಿ ಓಡಿಸಿದ ಕೈ ಐತಿ ಇದು. ಬಾಗಲಾ ಎಲ್ಲಾ ನ್ಯಾರಕ್ಕ ಅದಾವು. ನೀ ತಲಬಾಗಲದಾಗ ನಿಂತು ಹಿಡದ್ರ ಆತು."

"ನಿಮ್ಮ ಮಗ ಬಂದು ಕೇಳಿದ್ರ ಏನ್ ಹೇಳ್ಲಿ?"

"ಸೆಕಿ ಅಂತ ಹೇಳು."

ಸುಮಲತಾ ಚೀಲಕ್ಕೆ ಕೈ ಹಾಕಿ, ಮಂಡಕ್ಕಿ ಪೊಟ್ಟಣದ ಕೆಳಗಿಂದ ಸೀಟಿ ಹುಡುಕಿ ತೆಗೆದಳು. ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಹೋಗಿ, ಕೆಂಪು ದಾರವನ್ನು ಅತ್ತೆಯ ಕೊರಳಿಗೆ ಹಾಕಿದಳು. ಅನ್ನದಾನಮ್ಮ ಎದೆಯ ಮೇಲಿನ ಲಿಂಗದ ಕರಡಿಗೆಗೆ ತಾಗದಂತೆ ಸೀಟಿಯನ್ನು ಅತ್ತ ಸರಿಸಿ ಸೆರಗು ಮುಚ್ಚಿದಳು.

ಸುಮಲತಾ ಹೊರಬಂದು ಚೀಲದ ಜಿಪ್ ಎಳೆಯುತ್ತಿದ್ದಾಗ ದೇವರಕೋಣೆಯಿಂದ ಬರೀ ಉಸಿರಿನ ಸಪ್ಪಳ ಕೇಳಿಸಿತು. ತುಸು ತಡೆದು, ಸಣ್ಣಗೆ ಒಂದು ಸೀಟಿ.