ಮೊದಲು ಎದುರಾಳಿಯ ಮಾತು

ನನ್ನ ಗಂಡ ಸತ್ತದ್ದು ಒಂದು ವಾದದಲ್ಲಿ. ಕಿರಿದಾದ ಓಣಿ, ಎದುರುಬದುರು ಎರಡು ಗಾಡಿಗಳು, ಯಾರು ಹಿಂದೆ ಸರಿಯಬೇಕೆಂಬ ಪ್ರಶ್ನೆ. ಎರಡು ನಿಮಿಷ ಮಾತು ನಡೆಯಿತಂತೆ. ಆಮೇಲೆ ಎದುರು ಗಾಡಿಯ ಚಾಲಕ ಚಕ್ರ ಬಿಚ್ಚುವ ಸ್ಪ್ಯಾನರ್ ತೆಗೆದ. ಶವ ನೋಡಲು ಹೋದಾಗ ಮುಖದಿಂದ ಗುರುತು ಸಿಗಲಿಲ್ಲ. ಅಂಗಿಯ ಒಂದು ಗುಂಡಿಯನ್ನು ನಾನೇ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದೆ. ಅದರಿಂದ ಸಿಕ್ಕಿತು.

ಹನ್ನೊಂದು ತಿಂಗಳ ನಂತರ, ನಾನು ಪಾಠ ಮಾಡುವ ಪ್ರೌಢಶಾಲೆಯಲ್ಲಿ ಒಬ್ಬ ಹುಡುಗ ಇನ್ನೊಬ್ಬನ ತಲೆಗೆ ಸ್ಟೂಲಿನಿಂದ ಹೊಡೆದ. ಆರು ಹೊಲಿಗೆ ಬಿದ್ದವು. ಕಿಟಕಿ ಪಕ್ಕದ ಜಾಗ ಯಾರದೆಂಬುದು ಜಗಳ. ಆ ಸಂಜೆ ಮುಖ್ಯೋಪಾಧ್ಯಾಯರ ಬಳಿ ಹೋಗಿ, ಚರ್ಚಾ ತಂಡ ಕಟ್ಟುತ್ತೇನೆ, ಮುರಿದ ಬೆಂಚುಗಳನ್ನು ತುಂಬಿಟ್ಟ ಕೋಣೆ ಕೊಡಿ ಎಂದೆ.

“ಮಾತು ಬಲ್ಲವನಿಗೆ ಜಗಳವಿಲ್ಲ ಅಂತೀರಿ,” ಎಂದರು ಅವರು. “ನಮ್ಮಲ್ಲಿ ಮಾತು ಬಲ್ಲೋರೇ ಮೊದಲು ಕೈ ಎತ್ತೋದು, ಮೇಡಂ.”

ಆದರೂ ಬೀಗದ ಕೈ ಕೊಟ್ಟರು. ಷರತ್ತು ಒಂದೇ. ಅಂತರಶಾಲಾ ಸ್ಪರ್ಧೆಯವರೆಗೆ ತಂಡದಲ್ಲಿ ಯಾರೂ ಯಾರಿಗೂ ಹೊಡೆಯಬಾರದು. ಹೊಡೆದ ದಿನವೇ ಕೋಣೆಗೆ ಬೀಗ, ಸ್ಪರ್ಧೆ ಇಲ್ಲ. “ತಂಡ ಅಂದ್ರೆ ನೀವೂ ಸೇರಿ,” ಎಂದು ನಕ್ಕರು.

ಮೂವರು ಬಂದರು. ಸ್ಟೂಲು ಎತ್ತಿದ ಹುಡುಗ. ಅವನನ್ನು ಎಲ್ಲರೂ ಗುದ್ದು ಎನ್ನುತ್ತಿದ್ದರು. ನೆಲ ನೋಡಿಯೇ ಮಾತಾಡುವ ಹುಡುಗ, ಕನ್ನಡಕ. ಮತ್ತು ಬಡಗಿಯ ಮಗಳು ರೇಡಿಯೋ. ಅವಳಿಗೆ ಆರಿಸುವ ಗುಂಡಿ ಹಾಕುವುದನ್ನು ದೇವರು ಮರೆತಿದ್ದ.

ನನ್ನ ನಿಯಮವೂ ಒಂದೇ ಇತ್ತು. ಉತ್ತರ ಕೊಡುವ ಮೊದಲು ಎದುರಾಳಿಯ ವಾದವನ್ನು ನೀನೇ ಹೇಳಬೇಕು. ಅವನು ‘ಹೌದು, ಅದೇ’ ಎನ್ನುವವರೆಗೆ ನಿನ್ನ ಸರದಿ ಬರುವುದಿಲ್ಲ.

“ಕಿಟಕಿ ಮೊದಲು ಬಂದವನಿಗೆ ಸೇರಬೇಕು ಅಂತೀಯ,” ಎಂದ ಕನ್ನಡಕ, ಗುದ್ದುವಿಗೆ.

“ಅಲ್ಲ.”

“ನಿಂಗೆ ಸೆಕೆ ಜಾಸ್ತಿ.”

“ಅಲ್ಲ ಕಣೋ.”

“ಅಲ್ಲಿ ಕೂತ್ರೆ ಮೇಷ್ಟ್ರು ಪ್ರಶ್ನೆ ಕೇಳಲ್ಲ.”

“ಹೌದು, ಅದೇ.”

“ಇಷ್ಟಕ್ಕೆ ಆರು ಹೊಲಿಗೆನಾ?” ಎಂದಳು ರೇಡಿಯೋ. “ನಮ್ಮಮ್ಮ ದಿಂಬಿಗೂ ಅಷ್ಟು ಹಾಕಲ್ಲ.”

ಗುದ್ದುವಿನ ಮುಷ್ಟಿ ಬಿಗಿಯಿತು. ನಾವೆಲ್ಲ ಅದನ್ನೇ ನೋಡಿದೆವು. ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಎರಡನೆಯ ವಾರ ರೇಡಿಯೋಳ ಅಪ್ಪ ಒಂದು ಭಾಷಣಪೀಠವನ್ನು ಹೆಗಲ ಮೇಲೆ ಹೊತ್ತು ತಂದ. ಒಂದೂ ಮೊಳೆಯಿಲ್ಲ, ಮರಕ್ಕೆ ಮರ ಕಚ್ಚಿ ನಿಂತಿತ್ತು. “ಆನೆ ಒದ್ದರೂ ಅಲ್ಲಾಡಲ್ಲ,” ಎಂದ. “ಇವಳ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಇನ್ಮೇಲೆ ನಿಮ್ಮ ಪಾಲು, ಮೇಡಂ.”

ಸ್ಪರ್ಧೆಗೆ ಎಂಟು ದಿನವಿದ್ದಾಗ ನಾನು ಮನೆಗೆಲಸ ಕೊಟ್ಟೆ. ಮನೆಯಲ್ಲಿ ನಿಮ್ಮ ಮಾತು ಒಪ್ಪದವರ ಜೊತೆ ಈ ನಿಯಮ ಪಾಲಿಸಿ ಬನ್ನಿ. ನಿಮಗೆ ಭಯವಿರುವವರಾದರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದೆ.

ಮರುದಿನ ರೇಡಿಯೋ ಆಸ್ಪತ್ರೆಯಲ್ಲಿದ್ದಳು. ದವಡೆ ಎರಡು ಕಡೆ ಮುರಿದಿತ್ತು, ಮೂರು ಹಲ್ಲು ಹೋಗಿದ್ದವು. ಮೇಲಿನ ಕೆಳಗಿನ ಸಾಲುಗಳನ್ನು ತಂತಿಯಿಂದ ಬಿಗಿದಿದ್ದರು. ಅವಳ ತಾಯಿ ನನ್ನನ್ನು ಹೊರಗೆ ಕರೆದು ಹೇಳಿದಳು. ಹುಡುಗರ ಜೊತೆ ಬೇರೆ ಊರಿಗೆ ಹೋಗಬೇಡ ಎಂದನಂತೆ ಅಪ್ಪ. ಮರ್ಯಾದೆ ಹೋಗುತ್ತೆ ಅಂತ ತಾನೆ, ಎಂದು ಮಗಳು ಕೇಳಿದಳು. ಅಲ್ಲ, ಎಂದ. ದಾರಿಲಿ ಏನಾದ್ರೂ ಆಗುತ್ತೆ ಅಂತಾನಾ? ಸುಮ್ನಿರು, ಎಂದ. ಅವನು ಹೌದು ಎನ್ನುವವರೆಗೆ ಅವಳು ನಿಲ್ಲಿಸುವಂತಿರಲಿಲ್ಲ. ಚಿಕ್ಕಪ್ಪನೂ ಕೂತಿದ್ದ. “ನಾನು ನಿನಗಿಂತ ಚೆನ್ನಾಗಿ ಮಾತಾಡ್ತೀನಿ, ಅದೇ ತಾನೆ ನಿನ್ನ ಕಷ್ಟ?” ಎಂದಳು.

ಅಪ್ಪನ ಕೈಯಲ್ಲಿ ಉಳಿಗೆ ಬಡಿಯುವ ಮರದ ಕೊಡತಿ ಇತ್ತು.

“ಬಾಯಿದ್ರೆ ತಾನೆ ಮಾತು, ಅಂದ್ರು. ಅಷ್ಟೆ,” ಎಂದಳು ತಾಯಿ. “ಡಾಕ್ಟ್ರಿಗೆ ಮೆಟ್ಟಿಲಲ್ಲಿ ಜಾರಿದಳು ಅಂತ ಹೇಳಿದೀನಿ. ನೀವೂ ಹಾಗೇ ಅನ್ನಿ, ತಂಗಿ.”

ನಾನು ಹೂಂ ಎಂದೆ. ಮುಖ್ಯೋಪಾಧ್ಯಾಯರಿಗೂ ಹಾಗೆಯೇ ಹೇಳಿದೆ.

ಸ್ಪರ್ಧೆಯ ಹಿಂದಿನ ದಿನ ರೇಡಿಯೋ ತಾನಾಗಿಯೇ ಬಂದಳು. ಗಲ್ಲಕ್ಕೆ ಬಟ್ಟೆ, ಕೈಯಲ್ಲಿ ನೋಟುಪುಸ್ತಕ. ಅವಳು ಬರೆಯುವುದು, ಕನ್ನಡಕ ಓದುವುದು ಎಂದು ತೀರ್ಮಾನವಾಯಿತು. “ಪರವಾಗಿಲ್ಲ, ವಾಲ್ಯೂಮ್ ಕಮ್ಮಿಯಾಗಿದೆ ಅಷ್ಟೆ,” ಎಂದ ಗುದ್ದು. ಅವಳ ಕಣ್ಣು ನಕ್ಕಿತು, ನೋವಿಗೆ ಮತ್ತೆ ಮುಚ್ಚಿತು.

ಆಗ ಬಡಗಿ ಬಂದ. ಯಾರನ್ನೂ ನೋಡದೆ ಪೀಠದ ಮೇಲೆ ಕೊಡತಿ ಬೀಸಿದ. ಅದು ಜಗ್ಗಲಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ದ. ಉಸಿರು ಬಿಗಿಹಿಡಿದು ಹೊಡೆದ. ಕೊನೆಗೆ ಪೀಠದ ಒಂದು ಕಾಲು ಕಳಚಿ ನನ್ನತ್ತ ಉರುಳಿತು. ಸಿಡಿದ ಚೂರು ಕನ್ನಡಕನ ಕೆನ್ನೆ ಸೀಳಿತು. ಬಡಗಿ ಮಗಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಎಳೆದ. ತಂತಿಯ ಹಿಂದಿನಿಂದ ಅವಳ ಗಂಟಲು ಒಂದು ಸದ್ದು ಮಾಡಿತು.

ನಾನು ಆ ಕಾಲನ್ನು ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತೆ.

“ಮಗಳು ಎಲ್ಲರೆದುರು ಗೇಲಿ ಮಾಡಿದಳು ಅಂತೀರಿ,” ಎಂದೆ.

“ಅಲ್ಲ. ದಾರಿ ಬಿಡಿ.”

“ನಾನು ಅವಳನ್ನ ನಿಮ್ಮ ಮೇಲೆ ಎತ್ತಿಕಟ್ಟಿದೆ.”

“ಅಲ್ಲ ಅಂದ್ನಲ್ಲ.”

“ಮಾಡಿದವರು ನೀವು, ಮುರಿಯೋದೂ ನಿಮ್ಮಿಷ್ಟ. ಆ ಪೀಠ ಆಗಲಿ, ಇವಳಾಗಲಿ.”

ಅವನು ನನ್ನನ್ನು ನೋಡಿದ. ಮುಖ ಸಡಿಲವಾಯಿತು, ಯಾರೋ ಕೊನೆಗೂ ಅರ್ಥ ಮಾಡಿಕೊಂಡರು ಎಂಬಂತೆ.

“ಹೌದು,” ಎಂದ. “ಅದೇ.”

ಈಗ ನನ್ನ ಸರದಿ. ಇದಕ್ಕೆ ಉತ್ತರ ನನಗೆ ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದ್ದೇ ಅದನ್ನು. ಆದರೆ ಎತ್ತಿದ್ದು ಕೈಯನ್ನು. ಮೊದಲ ಏಟು ಅವನ ಮೊಣಕೈಗೆ ಬಿತ್ತು, ಕೈ ಜಡೆ ಬಿಟ್ಟಿತು. ಎರಡನೆಯದು ಕಿವಿಗೆ. ಅವನು ಮಂಡಿಯೂರಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮೂರನೆಯದನ್ನು ಬಾಯಿಗೆ ಹೊಡೆದೆ. ಹಲ್ಲು ಮುರಿದದ್ದು ಮರದ ಮೂಲಕ ಕೈಗೆ ತಿಳಿಯಿತು. ನಾಲ್ಕನೆಯದನ್ನೂ ಅಲ್ಲಿಗೇ ಹೊಡೆದೆ.

ಹಿಂದಿನಿಂದ ಯಾರೋ ನನ್ನ ಮಣಿಕಟ್ಟು ಹಿಡಿದರು. ಗುದ್ದು.

“ಸಾಕು ಮಿಸ್,” ಎಂದ. “ಜೇಬಿಗೆ ಹಾಕ್ಕೊಳ್ಳಿ.”

ಮುಖ್ಯೋಪಾಧ್ಯಾಯರು ಓಡಿ ಬಂದರು. ಬಡಗಿ ನೆಲದ ಮೇಲೆ ರಕ್ತ ಉಗುಳುತ್ತಿದ್ದ, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕನ್ನಡಕ ಮೊದಲ ಸಲ ನೆಲ ಬಿಟ್ಟು ಎದುರಿನವರ ಮುಖ ನೋಡಿ ಮಾತಾಡಿದ.

“ಜಾರಿ ಬಿದ್ರು ಸರ್. ಕಾಲಡಿ ಮರದ ಚೂರಿತ್ತು.”

“ಪೀಠದ ಮೂಲೆ ಬಾಯಿಗೆ ಬಡೀತು,” ಎಂದ ಗುದ್ದು. “ಮಿಸ್ ಎತ್ತೋಕೆ ಹೋದ್ರು.”

ವಾದದಲ್ಲಿ ಒಂದು ಬಿರುಕೂ ಇರಲಿಲ್ಲ. ಕಲಿಸಿದವಳು ನಾನೇ. ಮುಖ್ಯೋಪಾಧ್ಯಾಯರು ನನ್ನ ಕೈಯಲ್ಲಿದ್ದ ಪೀಠದ ಕಾಲನ್ನು ನೋಡಿದರು, ಆಮೇಲೆ ಗೋಡೆ ನೋಡಿದರು.

“ಜಾರಿದ್ರಾ,” ಎಂದರು. “ಆಯ್ತು. ನಾಳೆ ಎಂಟಕ್ಕೆ ಬಸ್ಸು.”

ರೇಡಿಯೋ ಬರೆಯುತ್ತಿದ್ದಳು. ಹಾಳೆ ಹರಿದು ಕನ್ನಡಕನಿಗೆ ಕೊಟ್ಟಳು. ಅವನು ಓದಿಕೊಂಡ, ಆದರೆ ಬಾಯಿ ತೆರೆಯಲಿಲ್ಲ. ಅವಳು ಹಾಳೆ ಕಸಿದು ನನ್ನ ಮುಂದೆ ಹಿಡಿದಳು. ನಾನು ಗಟ್ಟಿಯಾಗಿ ಓದಿದೆ.

“ಅಪ್ಪ ಜಾರಲಿಲ್ಲ. ಅವತ್ತು ನಾನೂ ಜಾರಲಿಲ್ಲ.”

ಅವಳು ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು.

“ಹೌದು, ಅದೇ,” ಎಂದೆ. ಪೀಠದ ಕಾಲನ್ನು ಮುಖ್ಯೋಪಾಧ್ಯಾಯರ ಎದುರಿನ ಬೆಂಚಿನ ಮೇಲಿಟ್ಟೆ. ಅದರ ಪಕ್ಕದಲ್ಲಿ ಕೋಣೆಯ ಬೀಗದ ಕೈ ಇಟ್ಟೆ.