ಹೊಸ್ತಿಲ ಮೇಲಿನ ನೀಲಿ ಹೂ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಆ ಭಾನುವಾರ ಬೆಳಗ್ಗೆ ನನ್ನ ಜಾಗದಲ್ಲಿ ಯಾರಿದ್ದರೂ ಕಿರುಚುತ್ತಿದ್ದರು. ಹಿತ್ತಿಲ ಬೋಗುಣಿಯಲ್ಲಿ ಕೆಸರು ಸಮೇತ ತಂದಿಟ್ಟಿದ್ದ ಗಿಡಗಳಲ್ಲಿ ಒಂದೇ ಒಂದು ಹೂವಿರಲಿಲ್ಲ. ನೂಲಿನಂಥ ದಂಟುಗಳು ಮಾತ್ರ ನಿಂತಿದ್ದವು.

ಅದು ೧೯೫೯. ಕಾಸರಗೋಡಿನವಳಾದ ನಾನು ಎರ್ನಾಕುಳಂನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಊರಾಚೆ ಕಾಕ್ಕನಾಡಿನ ಕೆಂಪು ಮುರಕಲ್ಲು ಬಯಲಿನಲ್ಲಿ ಮಳೆನೀರು ನಿಲ್ಲುವ ಹೊಂಡವೊಂದಿತ್ತು. ಓಣಂ ಮುಗಿಯುವಷ್ಟರಲ್ಲಿ ಆರಿಹೋಗುವ ಆ ಹೊಂಡದಲ್ಲಿ ಈ ಗಿಡ ಸಿಕ್ಕಿತ್ತು. ಹೂವು ಎಳ್ಳಿಗಿಂತ ತುಸು ದೊಡ್ಡದು, ನೀಲಿ, ಹಿಂದೆ ಡೊಂಕು ಬಾಲ. ತಿರುವನಂತಪುರದ ಪ್ರೊಫೆಸರರು, "ಅದು ಕೊಚ್ಚಿಯ ಕಡೆ ಬೆಳೆಯುವುದೇ ಇಲ್ಲ. ಸೋಮವಾರ ಹೂವು ತಂದು ತೋರಿಸಿ. ಇಲ್ಲದಿದ್ದರೆ ಜವುಗು ನೆಲದ ಗಿಡಗಳ ಸಂಶೋಧನೆಗೆ ನಿಮ್ಮ ಬದಲು ನನ್ನ ಶಿಷ್ಯ ದಿನಕರನನ್ನು ತೆಗೆದುಕೊಳ್ಳುತ್ತೇನೆ" ಎಂದಿದ್ದರು. ಆ ಕೆಲಸಕ್ಕಾಗಿ ನಾನು ಎಷ್ಟು ಆಸೆಪಟ್ಟಿದ್ದೆನೋ ದೇವರಿಗೇ ಗೊತ್ತು. ಹೊಂಡಕ್ಕೆ ಮತ್ತೆ ಹೋಗೋಣವೆಂದರೆ, ಎಮ್ಮೆಗಳು ಅದನ್ನು ತುಳಿದು ರಾಡಿ ಮಾಡಿದ್ದವು. ಉಳಿದದ್ದು ಬೋಗುಣಿಯಲ್ಲಿದ್ದಷ್ಟೇ.

ಒಳಗೆ ಓಡಿ ಬಂದೆ. ಮುಂಬಾಗಿಲಲ್ಲಿ ಅತ್ತೆ ಶಂಕರಿಯಮ್ಮ ಹೊಸ್ತಿಲ ಪೂಜೆ ಮುಗಿಸಿ ಏಳುತ್ತಿದ್ದರು. ಶ್ರಾವಣ-ಭಾದ್ರಪದದ ಸೋಣ ತಿಂಗಳಿಡೀ ನಮ್ಮ ಕಡೆ ಹೆಂಗಸರು ಹೊಸ್ತಿಲಿಗೆ ಗದ್ದೆಬದಿಯ ಕಾಡುಹೂಗಳನ್ನಿಟ್ಟು ಪೂಜಿಸುತ್ತಾರೆ. ಅರಸಿನ ಬಳಿದ ಹೊಸ್ತಿಲ ಮೇಲೆ, ಕುಂಕುಮದ ನಡುವೆ, ನನ್ನ ಹೂಗಳು!

"ಅತ್ತೆ! ಎಂತ ಮಾಡಿದಿರಿ ನೀವು?"

"ಎಂತದು ಮಾರಾಯ್ತಿ? ನಮ್ಮ ಗದ್ದೆಯ ನೀಲಿ ಹೂವಲ್ಲವಾ? ಈ ಪೇಟೆಯಲ್ಲಿ ಹೊಸ್ತಿಲಿಗೆ ಹೂ ಸಿಕ್ಕುವುದಿಲ್ಲಾಂತ ಹೇಳಿದ್ದೆನಲ್ಲ, ನನಗೇ ತಂದದ್ದೂಂತ ಎಣಿಸಿದೆ."

"ಅದೇ ಬೇರೆ, ಇದೇ ಬೇರೆ! ಕೊಡಿ ಇಲ್ಲಿ."

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಇಟ್ಟ ಹೂವನ್ನು ನಾಳೆ ಬೆಳಗ್ಗಿನವರೆಗೆ ಮುಟ್ಟಲಿಕ್ಕಿಲ್ಲ. ನನಗೆ ಮದುವೆಯಾದಂದಿನಿಂದ ಒಂದು ದಿನ ತಪ್ಪಿಲ್ಲ."

ನನ್ನ ಗಂಡ ಶ್ಯಾಮ ಪೇಪರಿನ ಹಿಂದೆ ಇನ್ನಷ್ಟು ಅಡಗಿದರು. ಪುಣ್ಯಾತ್ಮ! ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಆಮೇಲೆ ಅಡುಗೆಮನೆಯಲ್ಲಿ ಕೂತು ಗೊಳೋ ಎಂದು ಅತ್ತುಬಿಟ್ಟೆ. ರೈಲು ಆ ಸಂಜೆಯೇ ಇತ್ತು. ಬರಿಗೈಯಲ್ಲಿ ಹೋಗಿ ಮಾಡುವುದೇನು?

ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಬಾಗಿಲ ಬಳಿ ನಿಂತರು. "ಅದಿಲ್ಲದಿದ್ದರೆ ನಿನಗೆ ಆ ಹೊಸ ಕೆಲಸ ತಪ್ಪುತ್ತದಾ?"

"ತಪ್ಪುತ್ತದೆ."

ಅವರು ಮುಂಬಾಗಿಲಿಗೆ ಹೋದರು. ಹೊಸ್ತಿಲ ಮುಂದೆ ಮಂಡಿಯೂರಿದರು, ಕೈಮುಗಿದು ಏನೋ ಗೊಣಗಿದರು. ಬಾಡಿದ ಹೂಗಳನ್ನು ಒಂದೊಂದಾಗಿ ಎತ್ತಿ, ಒದ್ದೆ ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ಹೊಸ್ತಿಲಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ. ನೀನು ಹೋಗು ಮಗಳೇ."

ಮರುದಿನ ತಿರುವನಂತಪುರದಲ್ಲಿ ಪ್ರೊಫೆಸರರು ಬಾಳೆಲೆ ಬಿಚ್ಚಿ ಹುಬ್ಬೇರಿಸಿದರು. "ಇದೇನು ಕೆಂಪು?"

"ಕುಂಕುಮ ಸರ್. ಮನೆಯಲ್ಲಿ ಪೂಜೆ ಇತ್ತು."

ಅವರು ನಗಲಿಲ್ಲ. ಮುದುಡಿದ ಒಂದು ಹೂವನ್ನು ಬಿಸಿನೀರಿಗೆ ಹಾಕಿದರು. ಅದು ಮೆಲ್ಲಗೆ ಬಿಚ್ಚಿಕೊಂಡಿತು. ಸೂಜಿಯಿಂದ ಅಗಲಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಕೂತರು. ಕೊನೆಗೆ ತಲೆ ಎತ್ತಿ, "ಅದೇ. ನಾನು ಹೇಳಿದ್ದು ತಪ್ಪಾಯಿತು. ಯಾವಾಗ ಸೇರುತ್ತೀರಿ?" ಎಂದರು. ಅಬ್ಬಾ! ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದ ಹಾಗಾಯಿತು. ಚಾಲೈ ಬೀದಿಯಲ್ಲಿ ಬಾಳೆಕಾಯಿ ಚಿಪ್ಸ್ ಕೊಂಡು, ದಾರಿಯಲ್ಲೇ ಒಬ್ಬಳೇ ತಿಂದೆ.

ಮಂಗಳವಾರ ಬೆಳಗ್ಗೆ ಮನೆ ಮುಟ್ಟಿದಾಗ ಅತ್ತೆ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಮುಖ ಬಿಳಿಚಿತ್ತು. ಶ್ಯಾಮ ಗೇಟಿನವರೆಗೆ ಬಂದು ಪಿಸುಗುಟ್ಟಿದರು: "ನೀನು ಹೋದಾಗಿನಿಂದ ಅಮ್ಮ ನೀರು ಬಿಟ್ಟು ಏನೂ ಮುಟ್ಟಿಲ್ಲ. ಹೂ ಎತ್ತಿದ್ದಕ್ಕೆ ತಪ್ಪುಕಾಣಿಕೆಯಂತೆ. ನಿನ್ನ ಕೆಲಸ ಆಗುವವರೆಗೆ ಉಪವಾಸವಂತೆ."

ಅಯ್ಯೋ! ಅಷ್ಟೆಲ್ಲ ಬೈದಿದ್ದೆನಲ್ಲ.

"ಎಂತಾಯಿತು?" ಅತ್ತೆ ಕೂತಲ್ಲಿಂದಲೇ ಕೇಳಿದರು.

"ಆಯಿತು ಅತ್ತೆ. ಕೆಲಸ ಸಿಕ್ಕಿತು."

"ಹಾಗಾದರೆ ನಿಂತು ನೋಡುವುದೆಂತ? ಹೋಗಿ ಗಂಜಿ ಬಿಸಿ ಮಾಡು ಮಾರಾಯ್ತಿ, ಹಸಿವೆಯಲ್ಲಿ ಜೀವ ಹೋಗುತ್ತಾ ಉಂಟು!"