ಮೂರು ಹತ್ತರಿಂದ ಮೂರು ಐವತ್ತರವರೆಗೆ

ಗೋಡೆಯನ್ನು ಬಿಟ್ಟು ಅವರು ನಡೆದದ್ದನ್ನು ಕಂಡವರಿಲ್ಲ. ಕಚೇರಿಯ ಮೊಗಸಾಲೆ ಎಷ್ಟೇ ವಿಶಾಲವಾಗಿರಲಿ, ಎದುರಿಗೆ ನರಪಿಳ್ಳೆಯೂ ಇಲ್ಲದಿರಲಿ, ಎಡಭುಜವನ್ನು ಗೋಡೆಗೆ ತಾಗಿಸಿಕೊಂಡು, ತಾನು ಹಾದುಹೋದದ್ದು ಯಾರ ಲೆಕ್ಕಕ್ಕೂ ಬಾರದಿರಲಿ ಎಂಬಂತೆ ಅವರು ಸಾಗುತ್ತಿದ್ದರು. ಕಪ್ಪು ಕೋಟಿನ ಎಡತೋಳು ಹೀಗೆ ಸವೆದು ಸವೆದು, ಹೆಂಡತಿ ಹಾಕಿದ ತೇಪೆಯೂ ಸುಣ್ಣ ಮೆತ್ತಿ ಬೆಳ್ಳಗಾಗಿತ್ತು. ಗಾದೆಯ ಕಳ್ಳ ಕುಂಬಳಕಾಯಿ ಕದ್ದು ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಏನನ್ನೂ ಕದಿಯದೆಯೇ ದಿನಕ್ಕೆ ಹತ್ತು ಸಲ ಹೆಗಲು ಒರೆಸಿಕೊಳ್ಳುತ್ತಿದ್ದರು.

ದಾದಿಯರ ಹೆಸರು ನೋಂದಾಯಿಸುವ, ಅವರ ಮೇಲೆ ಬಂದ ದೂರುಗಳನ್ನು ವಿಚಾರಿಸುವ ಮಂಡಳಿಯಲ್ಲಿ ಅವರು ಹಿರಿಯ ಗುಮಾಸ್ತರು. ಮಣಿಕಟ್ಟಿನಲ್ಲಿ ಒಂದು ಗಡಿಯಾರ, ಅದು ಕೈಕೊಟ್ಟೀತೆಂದು ಕೋಟಿನ ಒಳಜೇಬಿನಲ್ಲಿ ಇನ್ನೊಂದು. ಅದಕ್ಕೇ ಕಚೇರಿಯವರು ಇಟ್ಟ ಹೆಸರು ಗಡಿಯಾರಪ್ಪ. ಏನು ಹೇಳಬೇಕಾದರೂ "ತಪ್ಪು ತಿಳ್ಕೋಬೇಡಿ" ಎಂದೇ ಶುರು. ಒಮ್ಮೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡು ಹೊತ್ತಿಕೊಂಡಾಗ ಅಧ್ಯಕ್ಷರ ಕೋಣೆಯ ಬಾಗಿಲಲ್ಲಿ ನಿಂತು, ಅವರ ಫೋನು ಮುಗಿಯುವ ತನಕ ಕಾದು, "ತಪ್ಪು ತಿಳ್ಕೋಬೇಡಿ ಸರ್, ಕೆಳಗೆ ಬೆಂಕಿ ಬಿದ್ದಿದೆ" ಎಂದದ್ದು ಆ ಕಚೇರಿಯಲ್ಲಿ ಇಂದಿಗೂ ಊಟದ ಬಿಡುವಿನ ನಗೆ.

ಈ ಭಯಕ್ಕೆ ಒಂದು ಹುಟ್ಟೂರಿತ್ತು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಂಡಳಿಯ ಆದೇಶವೊಂದು ನ್ಯಾಯಾಲಯಕ್ಕೆ ಹೋಗಿ, ಯಾರು ಯಾರ ಮಾತನ್ನು ಕೇಳಿದರೆಂಬುದು ಈ ಕಡತದಿಂದ ತಿಳಿಯುವುದಿಲ್ಲ ಎಂಬ ಷರಾದೊಡನೆ ರದ್ದಾಗಿ ಬಂದಿತ್ತು. ಕಡತ ಬರೆದ ಹಿರಿಯ ಗುಮಾಸ್ತ ಅದೇ ಸಂಜೆ ತನ್ನ ಮೇಜು ಖಾಲಿ ಮಾಡಿದ್ದ. ದಾದಿ ತಪ್ಪು ಮಾಡಿದಳೇ ಇಲ್ಲವೇ ಎಂದು ನ್ಯಾಯಾಲಯದವರು ಕೇಳುವುದಿಲ್ಲ, ಅವಳ ಮಾತನ್ನು ಕೇಳಬೇಕಾದವರು ಕೇಳಿದರೇ ಎಂದು ಕೇಳುತ್ತಾರೆ, ಎಂಬುದು ಅಂದು ಅವರ ತಲೆಗೆ ಮೊಳೆ ಹೊಡೆದಂತೆ ಕೂತಿತು. ಅಂದಿನಿಂದ ವಿಚಾರಣೆಯ ನಡಾವಳಿ ಪುಸ್ತಕದಲ್ಲಿ ಪ್ರತಿ ಸಾಲಿನ ಮುಂದೆಯೂ ವೇಳೆ: ಸಾಕ್ಷಿ ಬಂದದ್ದು, ಕಿಟಕಿ ಮುಚ್ಚಿದ್ದು, ಸದಸ್ಯರೊಬ್ಬರು ಕೆಮ್ಮಿ ನೀರು ಕುಡಿದದ್ದು ಕೂಡ.

ಅಂಥ ಪುಸ್ತಕವೇ ಅವರ ಕೊರಳಿಗೆ ಉರುಳಾಯಿತು. ಹತ್ತೊಂಬತ್ತು ವರ್ಷ ವಾರ್ಡಿನಲ್ಲಿ ದುಡಿದ ದಾದಿಯೊಬ್ಬಳ ಮೇಲೆ, ರೋಗಿಗೆ ಔಷಧಿಯ ಪ್ರಮಾಣ ಹೆಚ್ಚು ಕೊಟ್ಟಳೆಂಬ ದೂರು ಬಂತು. ವೈದ್ಯರು ಫೋನಿನಲ್ಲಿ ಹೇಳಿದಷ್ಟೇ ಕೊಟ್ಟೆನೆಂದು ಅವಳು ಮೂವರು ಸದಸ್ಯರ ಪೀಠದ ಮುಂದೆ ನಲವತ್ತು ನಿಮಿಷ ಹೇಳಿದಳು. ಮೂವರೂ ಸಹಿ ಹಾಕಿ ಅವಳ ನೋಂದಣಿ ರದ್ದು ಮಾಡಿದರು. ಆದರೆ ಅವಳು ಹೇಳುವಾಗ ಎದುರಿಗಿದ್ದವರು ಇಬ್ಬರೇ. ಪುಸ್ತಕದಲ್ಲಿ ಎರಡು ಪುಟ್ಟ ಸಾಲುಗಳಿದ್ದವು: ಮೂರು ಹತ್ತು, ಮೂರನೆಯ ಸದಸ್ಯರು ಹೊರಗೆ. ಮೂರು ಐವತ್ತು, ಒಳಗೆ.

ದಾದಿ ನ್ಯಾಯಾಲಯಕ್ಕೆ ಹೋದಳು. ನ್ಯಾಯಾಲಯ ದಾಖಲೆ ಕಳಿಸಲು ಹೇಳಿತು. ಅಧ್ಯಕ್ಷರು ಗಡಿಯಾರಪ್ಪನವರನ್ನು ಒಳಗೆ ಕರೆದು, ಎಂದೂ ಇಲ್ಲದ್ದು, ಕುರ್ಚಿ ತೋರಿಸಿದರು.

"ಕಿಟಕಿ, ಕೆಮ್ಮು, ಈ ಕಸವೆಲ್ಲ ಕೋರ್ಟಿಗೆ ಯಾಕ್ರೀ? ನೀಟಾಗಿ ಒಂದು ಪ್ರತಿ ಬರೆದು ಕೊಟ್ಟುಬಿಡಿ. ಇನ್ನು ನಾಲ್ಕು ತಿಂಗಳಿಗೆ ರಿಟೈರ್ ಆಗೋರು, ನೆಮ್ಮದಿಯಾಗಿ ಆಗಿ. ನಿಮ್ಮ ಪಿಂಚಣಿ ಕಾಗದಾನೂ ನನ್ನ ಸಹಿಗೇ ಬರಬೇಕಲ್ವಾ?"

ಆ ಕೊನೆಯ ಮಾತನ್ನು ಅವರು ನಗುತ್ತಲೇ ಹೇಳಿದರು. ಕಚೇರಿಗಳಲ್ಲಿ ಬೆದರಿಕೆ ಹೆಚ್ಚಾಗಿ ನಗುತ್ತಲೇ ಬರುತ್ತದೆ.

ಭಾನುವಾರ ಬೆಳಗ್ಗೆ ಊಟದ ಮೇಜಿನ ಮುಂದೆ ಕೂತು ಗಡಿಯಾರಪ್ಪ ಪ್ರತಿ ಬರೆದರು. ಹೌದು, ಬರೆದರು, ಅವರನ್ನು ಶೂರರೆಂದು ಯಾರೂ ತಿಳಿಯಬಾರದು. ಕೆಮ್ಮು ಹೋಯಿತು, ಕಿಟಕಿ ಹೋಯಿತು, ಜೊತೆಗೆ ಆ ಎರಡು ಸಾಲೂ ಹೋದವು. ಬೆರಳು ಬೆವರಿ ಪೆನ್ನು ಜಾರುವುದನ್ನು ಹೆಂಡತಿ ನೋಡಿದರು.

"ಅಧ್ಯಕ್ಷರು ಹೇಳಿದ್ದನ್ನ ಬರೆದುಕೊಟ್ರೆ ಆಯ್ತಪ್ಪ. ಊರ ಉಸಾಬರಿ ನಮಗ್ಯಾಕೆ?"

"ಅದೇ ಮಾಡ್ತಾ ಇದ್ದೀನಲ್ಲೇ."

"ಮತ್ತೆ ಯಾಕೆ ಹೀಗೆ ಬೆವರ್ತೀರಾ?"

ಅವರು ಬೆರಳು ಒರೆಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು. ಅಧ್ಯಕ್ಷರ ಮುಖ ನೆನೆದರೆ ಭಯ. ಆ ಬೆಳ್ಳನೆಯ ಶುದ್ಧ ಪ್ರತಿಯನ್ನು ನೋಡಿದರೆ ಅದಕ್ಕಿಂತ ಹೆಚ್ಚು. ಅತ್ತ ದರಿ, ಇತ್ತ ಪುಲಿ.

ಮರುದಿನ ನ್ಯಾಯಾಲಯದ ದಾಖಲೆ ವಿಭಾಗಕ್ಕೆ ಹೋದಾಗ ಚೀಲದಲ್ಲಿ ಪ್ರತಿಯೂ ಇತ್ತು, ಮೂಲ ಪುಸ್ತಕವೂ ಇತ್ತು. ಮೂಲವಿಲ್ಲದೆ ನಕಲನ್ನು ಬಾಗಿಲಾಚೆ ಒಯ್ಯಬಾರದೆಂಬುದು ಅವರ ಮೂವತ್ತು ವರ್ಷದ ಅಭ್ಯಾಸ. ಆ ದಿನ ಅದನ್ನು ಬಿಡಬೇಕಿತ್ತೆಂಬುದು ಅವರಿಗೆ ಹೊಳೆಯಲೇ ಇಲ್ಲ. ಮೊಗಸಾಲೆಯ ಬೆಂಚಿನ ಮೇಲೆ ದಾದಿ ತನ್ನ ಅಕ್ಕನ ಜೊತೆ ಕೂತಿದ್ದಳು. ಗೋಡೆ ಹಿಡಿದು ಬರುವವರನ್ನು ಗುರುತಿಸುವುದೇನು ಕಷ್ಟ? ಎದ್ದು ಬಂದಳು.

"ಸರ್, ಅವತ್ತು ನಾನು ಹೇಳಿದ್ದೆಲ್ಲ ನೀವು ಬರ್ಕೊಂಡ್ರಿ ಅಲ್ವಾ? ನೀವೊಬ್ರೇ ತಲೆ ಎತ್ತಿ ಎತ್ತಿ ನೋಡ್ತಿದ್ರಿ."

"ತಪ್ಪು ತಿಳ್ಕೋಬೇಡಮ್ಮ, ನಾನು ಏನೂ ಹೇಳೋ ಹಾಗಿಲ್ಲ."

ಹೆಗಲು ಒರೆಸಿಕೊಂಡು ಅವರು ಮುಂದೆ ಸಾಗಿದರು. ಈ ಸಲ ಕದ್ದದ್ದು ನಿಜವಾಗಿಯೂ ಚೀಲದಲ್ಲಿತ್ತು.

ಕೌಂಟರಿನಲ್ಲಿದ್ದ ಹೆಂಗಸು ತಲೆ ಎತ್ತದೆ ಕೇಳಿದಳು: "ಮೂಲಾನೋ, ನಕಲೋ?"

"ನಕಲು."

"ಹಾಗಾದ್ರೆ ಮೂಲದ ಜೊತೆ ತಾಳೆ ನೋಡಿದ್ದೀನಿ, ಏನೂ ಬಿಟ್ಟಿಲ್ಲ ಅಂತ ಕೊನೇಲಿ ಬರೀರಿ. ಟೈಮ್ ಹಾಕಿ ಸಹಿ ಮಾಡಿ."

ಅವರು ಮಣಿಕಟ್ಟು ನೋಡಿದರು, ಒಳಜೇಬಿನದನ್ನೂ ತೆಗೆದು ನೋಡಿದರು. ಹನ್ನೊಂದು ಇಪ್ಪತ್ತು ಎಂದು ಬರೆದರು. ಅಲ್ಲಿಗೆ ಕೈ ನಿಂತಿತು. ತಾವು ವೇಳೆ ಬರೆದು ಅದರ ಮುಂದೆ ಸುಳ್ಳು ಬರೆದದ್ದು ಇಷ್ಟು ವರ್ಷದಲ್ಲಿ ಒಮ್ಮೆಯೂ ಇರಲಿಲ್ಲ. ಆ ಅಂಕಿಗಳ ಪಕ್ಕದ ಖಾಲಿ ಜಾಗ ಬಾವಿಯ ಹಾಗೆ ಕಂಡು ಹೆದರಿಕೆಯಾಯಿತು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗತೊಡಗಿದರು. ಗಡಿಯಾರಪ್ಪ ಪ್ರತಿಯನ್ನು ಹಿಂದಕ್ಕೆಳೆದುಕೊಂಡರು.

"ತಪ್ಪು ತಿಳ್ಕೋಬೇಡಿ, ಮೂಲಾನೇ ತಗೊಳ್ಳಿ," ಎಂದು ಪುಸ್ತಕ ದೂಡಿ, ರಸೀದಿ ಪಡೆದು, ಹೊರಗೆ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತರು.

ಎರಡೂವರೆ ತಿಂಗಳ ಮೇಲೆ ನ್ಯಾಯಾಲಯ ಆದೇಶವನ್ನು ರದ್ದು ಮಾಡಿತು. ದಾದಿ ನಿರ್ದೋಷಿ ಎನ್ನಲಿಲ್ಲ. ಕೇಳದವರು ತೀರ್ಮಾನಿಸಬಾರದು, ಬೇರೆ ಮೂವರು ಹೊಸದಾಗಿ ಕೇಳಲಿ ಎಂದಿತು, ಅಷ್ಟೆ. ಅಧ್ಯಕ್ಷರು ಗಡಿಯಾರಪ್ಪನವರೊಡನೆ ಮಾತು ಬಿಟ್ಟರು. ಪಿಂಚಣಿಯ ಕಾಗದ ಅವರ ಡ್ರಾಯರಿನಲ್ಲಿ ಮಲಗಿತು. ಅಂಚೆಯವನ ಗಂಟೆ ಕೇಳಿದರೆ ಸಾಕು, ಅಮಾನತಿನ ಪತ್ರ ಬಂತೆಂದೇ ಇವರು ಹೆಂಡತಿಯನ್ನು ಬಾಗಿಲಿಗೆ ಕಳಿಸುತ್ತಿದ್ದರು.

ಮರುವಿಚಾರಣೆ ನಡೆದದ್ದು ಅವರ ನಿವೃತ್ತಿಗೆ ಒಂಬತ್ತು ದಿನ ಇರುವಾಗ. ದಾದಿ ಎದ್ದು ನಿಂತಳು. ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಅದೇ ಮಾತನ್ನು ಮೊದಲಿನಿಂದ ಹೇಳತೊಡಗಿದಳು. ಅರ್ಧದಲ್ಲಿ ಒಬ್ಬ ಸದಸ್ಯರ ಫೋನು ಜೇಬಿನಲ್ಲಿ ಗುಂಯ್ ಎಂದಿತು. ಅವರು ಏಳಲು ಕುರ್ಚಿ ಹಿಂದೆ ಸರಿಸಿದರು. ಗುಮಾಸ್ತರು ತಲೆ ಎತ್ತಿ ಗಡಿಯಾರ ನೋಡುವುದು ಅವರ ಕಣ್ಣಿಗೆ ಬಿತ್ತು. ಫೋನು ಆರಿಸಿ ಕೂತರು. ಪುಸ್ತಕದಲ್ಲಿ ಆ ವೇಳೆಯ ಮುಂದೆ ಒಂದು ಸಾಲಿದೆ: ಮೂವರೂ ಇದ್ದಾರೆ, ಕೇಳುತ್ತಿದ್ದಾರೆ.

ದಾದಿಗೆ ಒಂದು ಎಚ್ಚರಿಕೆಯ ಪತ್ರ ಬಂತು, ನೋಂದಣಿ ಮರಳಿತು. ಗಡಿಯಾರಪ್ಪ ಹೂಹಾರವಿಲ್ಲದೆ, ಪಿಂಚಣಿಯ ಕಾಗದವೂ ಇಲ್ಲದೆ, ಎಂದಿನಂತೆ ಗೋಡೆ ಹಿಡಿದು ಹೊರಟುಹೋದರು.

ಇಂಥವರನ್ನು ನಾವು ಪುಕ್ಕಲರೆಂದು ನಗುತ್ತೇವೆ, ಅದರಲ್ಲಿ ಸುಳ್ಳೂ ಇಲ್ಲ. ಎದೆಗಾರಿಕೆಯ ಕಾಲ ಬಂದಾಗ ಅವರು ಎಂದೂ ಮುಂದಿನ ಸಾಲಿನಲ್ಲಿರುವುದಿಲ್ಲ, ಮೇಲಿನವರು ಗದರಿದರೆ ಮೊದಲು ಬಗ್ಗುವವರೂ ಅವರೇ. ಆದರೂ ಮುಚ್ಚಿದ ಕೋಣೆಯಲ್ಲಿ ಯಾರೋ ಮೂವರು ಕೂತು ನಮ್ಮ ಅನ್ನವನ್ನು ತೂಗುವ ದಿನ ಬಂದರೆ, ಮೂಲೆಯ ಮೇಜಿನಲ್ಲಿ ಸುಳ್ಳು ಬರೆಯಲು ಹೆದರುವ ಇಂಥವರೊಬ್ಬರು ಇರಲಿ ಎಂದೇ ನಾವು ಬೇಡಿಕೊಳ್ಳಬೇಕು.